ಮಂಜುವಿಗೆ, ಕೆರಿ ಗಲೂಶಾ ಬಗ್ಗೆ

ಪ್ರೀತಿಯ ಮಂಜು,

ಐಸ್ ಮೇಲೆ ಕಲ್ಲು ಜಾರಿಸಿ ಅದರ ಮುಂದೆ ಬ್ರಷ್ ಹಿಡಿದು ಉಜ್ಜುತ್ತಾ ಹೋಗ್ತಾರಲ್ಲ, ಅದೇನು ಆಟ ಅಂತ ನೀನು ಮೊನ್ನೆ ಕೇಳಿದೆ. ಫೋನಿನಲ್ಲಿ ಅರ್ಧಂಬರ್ಧ ಹೇಳಿದೆ. ಈಗ ಸರಿಯಾಗಿ ಬರೀತೀನಿ. ಆಟಕ್ಕಿಂತ ಜಾಸ್ತಿ, ಅದನ್ನು ಆಡಿದ ಒಬ್ಬಳ ಬಗ್ಗೆ ಬರೀಬೇಕು ಅಂತ ಆಸೆ.

ಆಟದ ಹೆಸರು ಕರ್ಲಿಂಗ್. ಒಂದೊಂದು ಕಲ್ಲೂ ಹತ್ತಿರ ಹತ್ತಿರ 20 ಕೆಜಿ ತೂಗುವ ಗ್ರಾನೈಟ್. ಸುಮಾರು 45 ಮೀಟರ್ ಉದ್ದದ ಐಸ್ ಅಂಕಣ. ಅದರ ಮೇಲೆ ಮೊದಲೇ ನೀರಿನ ಹನಿ ಚಿಮುಕಿಸಿ ಸಣ್ಣ ಸಣ್ಣ ಗುಳ್ಳೆಗಳಂತೆ ಹೆಪ್ಪುಗಟ್ಟಿಸಿರುತ್ತಾರೆ. ಆಚೆ ತುದಿಯಲ್ಲಿ ಬಣ್ಣದ ವೃತ್ತಗಳು, ಅದಕ್ಕೆ ಹೌಸ್ ಅಂತಾರೆ. ಅದರ ನಡುವಿಗೆ ಆದಷ್ಟು ಹತ್ತಿರ ಕಲ್ಲು ನಿಲ್ಲಿಸುವುದೇ ಆಟ. ಕಲ್ಲನ್ನು ಮೆಲ್ಲಗೆ ತಿರುಗಿಸಿ ಬಿಟ್ಟರೆ ಅದು ಹೋಗ್ತಾ ಹೋಗ್ತಾ ಒಂದು ಕಡೆಗೆ ಬಾಗುತ್ತೆ. ಮುಂದೆ ಉಜ್ಜಿದರೆ ಬಾಗುವುದು ಕಡಿಮೆಯಾಗಿ ಇನ್ನೂ ಸ್ವಲ್ಪ ದೂರ ಹೋಗುತ್ತೆ. ತಂಡದ ನಾಲ್ವರೂ ಎರಡೆರಡು ಕಲ್ಲು ಬಿಡಬೇಕು. ಹೌಸ್‌ನಲ್ಲಿ ನಿಂತು ದಾರಿ ತೋರಿಸುವ ನಾಯಕಿಯೇ ಸ್ಕಿಪ್. ಕೊನೆಯ ಎರಡು ಕಲ್ಲು ಸಾಮಾನ್ಯವಾಗಿ ಅವಳದ್ದೇ. ಪಂದ್ಯ ಗೆಲ್ಲುವುದು, ಸೋಲುವುದು, ಪೇಪರಿನಲ್ಲಿ ಫೋಟೋ ಬರುವುದು, ಎಲ್ಲಾ ಆ ಕಲ್ಲಿನಿಂದ.

ಕೆರಿ ಗಲೂಶಾ ಕೆನಡಾದ ನಾರ್ತ್‌ವೆಸ್ಟ್ ಟೆರಿಟರೀಸ್‌ನ ಸ್ಕಿಪ್ ಆಗಿದ್ದವಳು. ಆ ಪ್ರಾಂತ್ಯದ ವಿಸ್ತಾರ ನಮ್ಮ ಕರ್ನಾಟಕದ ಏಳರಷ್ಟು. ಜನ? 2021ರ ಜನಗಣತಿಯಲ್ಲಿ 41 ಸಾವಿರ ಚಿಲ್ಲರೆ. ಕೆರಿಯ ಕುಟುಂಬದ ಬೇರು ಇನುವಿಕ್‌ನಲ್ಲಿದೆ. ಅದು ಆರ್ಕ್ಟಿಕ್ ವೃತ್ತಕ್ಕಿಂತಲೂ ಮೇಲಿರುವ ಸಣ್ಣ ಊರು, ಡಿಸೆಂಬರ್‌ನಲ್ಲಿ ವಾರಗಟ್ಟಲೆ ಸೂರ್ಯನೇ ಕಾಣಲ್ಲ. ತಂದೆ ಫ್ರೆಡ್ ಕೋ ಗ್ವಿಚಿನ್ ಅನ್ನುವ ಮೂಲನಿವಾಸಿ ಸಮುದಾಯದವರು, ಇನುವಿಕ್‌ನಿಂದ ಪ್ರಾಂತ್ಯದ ಶಾಸಕರಾಗಿದ್ದವರು. ಅಣ್ಣ ಕೆವಿನ್, ಇನ್ನೊಬ್ಬ ಸಹೋದರ ಜೇಮಿ, ಇಬ್ಬರೂ ಹೆಸರುವಾಸಿ ಆಟಗಾರರು.

ಕೆವಿನ್ ದಕ್ಷಿಣಕ್ಕೆ, ಕ್ಯಾಲ್ಗರಿಗೆ ಬಂದುಬಿಟ್ಟ. ಗಂಡಸರ ರಾಷ್ಟ್ರೀಯ ಪಂದ್ಯಾವಳಿ ಬ್ರಯರ್ ಅನ್ನು ಸ್ಕಿಪ್ ಆಗಿ ನಾಲ್ಕು ಸಲ ಗೆದ್ದ. 2010 ಮತ್ತು 2016ರಲ್ಲಿ ವಿಶ್ವ ಚಾಂಪಿಯನ್. 2018ರ ಒಲಿಂಪಿಕ್ಸ್‌ಗೂ ಹೋದ. ಅದೇ ಮನೆಯ ಕೆರಿ ಆಡಿದ್ದು ಅಲ್ಲಿನ ರಾಜಧಾನಿ ಯೆಲ್ಲೋನೈಫ್‌ನ ಕ್ಲಬ್ಬಿನಿಂದ. ಹೆಂಗಸರ ರಾಷ್ಟ್ರೀಯ ಪಂದ್ಯಾವಳಿ ಸ್ಕಾಟೀಸ್‌ಗೆ ಸುಮಾರು 20 ಸಲ ಹೋದಳು. ಒಮ್ಮೆಯೂ ಗೆಲ್ಲಲಿಲ್ಲ. ನನಗೆ ಅವಳ ಆಟದ ಬದುಕೇ ಹೆಚ್ಚು ದೊಡ್ಡದಾಗಿ ಕಾಣುತ್ತೆ. ಯಾಕೆ ಅಂತ ಹೇಳ್ತೀನಿ ಕೇಳು.

ಅಲ್ಲಿ ಐಸ್‌ಗೆ ಬರವಿಲ್ಲ, ಚಳಿಗೂ ಬರವಿಲ್ಲ. ಬರ ಇರೋದು ಎದುರಾಳಿಗಳಿಗೆ. ಪ್ರಾಂತ್ಯದ ಆಯ್ಕೆ ಪಂದ್ಯಕ್ಕೆ ಬರುವುದೇ ಬೆರಳೆಣಿಕೆಯ ತಂಡಗಳು. ವರ್ಷವಿಡೀ ಅವರದೇ ಮುಖ, ಅವರದೇ ಆಟ. ಬಲವಾದ ತಂಡದ ಎದುರು ಆಡದೆ ಆಟ ಬೆಳೆಯಲ್ಲ, ಇದು ನಿನಗೆ ನಾನು ಹೇಳಬೇಕಾಗಿಲ್ಲ. ನಾನಿರುವ ಎಡ್ಮಂಟನ್‌ಗೆ ಯೆಲ್ಲೋನೈಫ್‌ನಿಂದ ರಸ್ತೆಯಲ್ಲಿ 1,400 ಕಿಲೋಮೀಟರಿಗೂ ಜಾಸ್ತಿ. ಕ್ಯಾಲ್ಗರಿಯ ತಂಡ ಶುಕ್ರವಾರ ಸಂಜೆ ಕಾರು ಹತ್ತಿ ಆಡಲು ಹೊರಡುವಲ್ಲಿ, ಇವರು ಪ್ರತಿ ಸಲವೂ ವಿಮಾನದ ಟಿಕೆಟ್ ತೆಗೀಬೇಕು, ಆಫೀಸಿಗೆ ರಜೆ ಹಾಕಬೇಕು, ಪ್ರಾಯೋಜಕರನ್ನು ಹುಡುಕಬೇಕು.

ಇಷ್ಟಾದರೂ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಸುಮ್ನೆ ಜಾಗ ಸಿಗ್ತಿರಲಿಲ್ಲ. ಎಷ್ಟೋ ವರ್ಷ ಪಕ್ಕದ ಯೂಕಾನ್ ಪ್ರಾಂತ್ಯ ಮತ್ತು ನಾರ್ತ್‌ವೆಸ್ಟ್ ಟೆರಿಟರೀಸ್ ಎರಡಕ್ಕೂ ಸೇರಿ ಒಂದೇ ತಂಡ. 2015ರಲ್ಲಿ ಬೇರೆ ಬೇರೆ ಮಾಡಿದರು. ಆದರೆ ಹಿಂದುಳಿದ ತಂಡಗಳು ಮುಖ್ಯ ಪಂದ್ಯಾವಳಿಗೆ ಮೊದಲೇ ಒಂದು ಅರ್ಹತಾ ಸುತ್ತು ಆಡಬೇಕು ಅಂತ ನಿಯಮ ತಂದರು. ಯೋಚಿಸು ಮಂಜು. ಅಷ್ಟು ದೂರದಿಂದ, ಅಷ್ಟು ಖರ್ಚು ಮಾಡಿ ಬಂದವರು, ಮುಖ್ಯ ಪಂದ್ಯಾವಳಿಗೆ ಕಾಲಿಡುವ ಮುಂಚೆಯೇ ಸೋತು ಮನೆಗೆ ವಾಪಸ್! ನನಗಂತೂ ಇದು ಅನ್ಯಾಯ ಅಂತಲೇ ಅನ್ನಿಸುತ್ತೆ. ರಾಷ್ಟ್ರೀಯ ಪಂದ್ಯಾವಳಿ ಅಂದಮೇಲೆ ದೇಶದ ಎಲ್ಲಾ ಮೂಲೆಯವರೂ ಇರಬೇಕು. 2018ರಿಂದ ಆ ಸುತ್ತು ತೆಗೆದುಹಾಕಿದರು, ಒಳ್ಳೇದಾಯಿತು.

ಕೆರಿ ಮಾಡಿದ ಒಂದು ಕೆಲಸ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಕೊನೆಯ ಕೆಲವು ವರ್ಷಗಳಲ್ಲಿ ಅವಳು ಕೊನೆಯ ಕಲ್ಲುಗಳನ್ನು ತಂಡದ ಬೇರೆಯವರಿಗೆ ಬಿಟ್ಟುಕೊಟ್ಟಳು. ಒಂಟಾರಿಯೋದ ಅನುಭವಿ ಜೋ-ಆನ್ ರಿಝೋ ಕೂಡ ತಂಡ ಸೇರಿದ್ದಳು. ಹೊರಗಿನ ಒಬ್ಬರನ್ನು ಸೇರಿಸಿಕೊಳ್ಳೋದಕ್ಕೆ ಆಗಿನ ನಿಯಮದಲ್ಲಿ ಅವಕಾಶವಿತ್ತು. ತಾನು ಲೀಡ್ ಸ್ಥಾನಕ್ಕೆ ಹೋದಳು. ಅಂದರೆ ಎಲ್ಲರಿಗಿಂತ ಮೊದಲು ಬಿಡುವ, ಯಾರೂ ನೆನಪಿಟ್ಟುಕೊಳ್ಳದ ಎರಡು ಕಲ್ಲು ಅವಳದ್ದು. ಟಿವಿಯಲ್ಲಿ ನೋಡಬೇಕಿತ್ತು ನೀನು. ಹ್ಯಾಕ್ ಅಂತ ಐಸ್‌ನಲ್ಲಿ ಕೂರಿಸಿದ ಮೆಟ್ಟಿನ ಮೇಲೆ ಕಾಲೂರಿ, ಮೊಣಕಾಲು ಬಗ್ಗಿಸಿ, ಜಾರುತ್ತಾ ಹೋಗಿ ಕಲ್ಲು ಬಿಡ್ತಾಳೆ. ಎರಡೂ ಕಲ್ಲು ಆಯ್ತಾ, ಸೀದಾ ಆಚೆ ತುದಿಗೆ ಹೋಗಿ ಬ್ರಷ್ ಊರಿ ನಿಂತು ಉಳಿದ ಆರು ಕಲ್ಲಿಗೂ ದಾರಿ ತೋರಿಸ್ತಾಳೆ. ಕೊನೆಯ ಕಲ್ಲು ಬಿಡುವವಳು ಬ್ರಷ್ ಕಡೆ ಕಣ್ಣಿಟ್ಟಿರುತ್ತಾಳೆ. ಎಲ್ಲಿಗೆ ಬಿಡಬೇಕು ಅಂತ ತೀರ್ಮಾನ ಮಾಡಿದವಳು ಕೆರಿ. ಸ್ಕಿಪ್ ಅನ್ನಿಸಿಕೊಂಡವಳು ಕೊನೆಯ ಕಲ್ಲನ್ನು ಬಿಟ್ಟುಕೊಡುವುದು ಸಣ್ಣ ಮಾತಲ್ಲ.

ಅದರ ಫಲ 2022ರಲ್ಲಿ ಥಂಡರ್ ಬೇ ಊರಿನ ಸ್ಕಾಟೀಸ್‌ನಲ್ಲಿ ಕಾಣಿಸಿತು. ಅವಳ ತಂಡ ಗುಂಪಿನ ಹಂತ ದಾಟಿ ಮುಂದಿನ ಸುತ್ತಿಗೆ ಹೋಯಿತು. ಅದಕ್ಕೆ ಹತ್ತು ವರ್ಷ ಮುಂಚೆ ಜೇಮಿಯ ತಂಡವೂ ಸಾಸ್ಕಟೂನ್‌ನ ಬ್ರಯರ್‌ನಲ್ಲಿ ಕೊನೆಯ ನಾಲ್ಕರಲ್ಲಿತ್ತು. ಅವನದ್ದೂ ಉತ್ತರದ ತಂಡವೇ. ದಕ್ಷಿಣದವರು ಸುಲಭದ ಪಂದ್ಯ ಅಂತ ಲೆಕ್ಕ ಹಾಕಿಕೊಂಡು ಬರುವ ಕಾಲ ಹೋಯ್ತು. 2024ರಲ್ಲಿ ಕ್ಯಾಲ್ಗರಿಯ ಸ್ಕಾಟೀಸ್‌ನಲ್ಲೂ ಕೆರಿ ಆಡಿದಳು.

ನಿನ್ನ ಮಗಳು ಟೇಬಲ್ ಟೆನಿಸ್‌ನಲ್ಲಿ ಶಿರಸಿಯಲ್ಲಿ ಯಾರ ಕೈಗೂ ಸಿಗ್ತಿಲ್ಲ, ಬೆಂಗಳೂರಿಗೆ ಕಳಿಸಲಾ ಅಂತ ಕೇಳಿದ್ದೆಯಲ್ಲ. ಕೆವಿನ್ ಹೋದದ್ದೂ ತಪ್ಪಲ್ಲ, ಕೆರಿ ಉಳಿದದ್ದೂ ತಪ್ಪಲ್ಲ. ಆದರೆ ನಿನ್ನ ಮಗಳು ಶಿರಸಿಯಲ್ಲೇ ಉಳಿಯುವುದಾದರೆ ಎದುರಾಳಿಗಳನ್ನು ಹುಡುಕಿಕೊಂಡು ನೀವೇ ಹೊರಡಬೇಕು. ತಿಂಗಳಿಗೊಮ್ಮೆಯಾದರೂ ಹುಬ್ಬಳ್ಳಿಗೋ ಮಂಗಳೂರಿಗೋ ಕರೆದುಕೊಂಡು ಹೋಗು. ತನಗಿಂತ ದೊಡ್ಡವರ ಜೊತೆ ಆಡಲಿ, ಸೋಲಲಿ. ಬಸ್ ಚಾರ್ಜು, ಟೂರ್ನಿ ಫೀಸು ಎಷ್ಟಾಗುತ್ತೆ ಅಂತ ಲೆಕ್ಕ ಹಾಕಿ ನನಗೆ ಬರಿ. ಒಂದು ವರ್ಷದ್ದು ನಾನು ಕೊಡ್ತೀನಿ. ಸಂಕೋಚ ಮಾಡ್ಕೋಬೇಡ. ಅತ್ತಿಗೆಯನ್ನೂ ಅಮ್ಮನನ್ನೂ ಕೇಳಿದೆ ಅಂತ ಹೇಳು.

ನಿನ್ನ,
ರಾಘು