ಬೇಸಿಗೆಯ ಎರಡು ತಿಂಗಳು ವಿದ್ಯಾರ್ಥಿಗಳ ಕೈತಪ್ಪದಿರಲಿ

ಸಂಪಾದಕರಿಗೆ,

ಮಾನ್ಯರೇ,

ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿನಿಯೊಬ್ಬಳು ಸ್ತನ ಕ್ಯಾನ್ಸರ್ ಕುರಿತು ಕೆಲಸ ಮಾಡುವ ಪ್ರಯೋಗಾಲಯದಲ್ಲಿ ಎರಡು ತಿಂಗಳ ಬೇಸಿಗೆ ತರಬೇತಿಗೆ ಆಯ್ಕೆಯಾಗಿದ್ದಳು. ವಿಶ್ವವಿದ್ಯಾಲಯವು ಸೆಮಿಸ್ಟರ್ ಪರೀಕ್ಷೆಯನ್ನು ಜೂನ್‌ಗೆ ಮುಂದೂಡಿದ್ದರಿಂದ ಮೂರನೇ ವಾರದಲ್ಲೇ ಊರಿಗೆ ಮರಳಿದಳು. ಜೀವಕೋಶಗಳಿಗೆ ಸೋಂಕು ತಗಲದಂತೆ ಬೆಳೆಸುವುದು ಕೈಗೆ ಹತ್ತಲು ಆ ಮೂರು ವಾರವೇ ಬೇಕು. ಕಲಿತದ್ದನ್ನು ಬಳಸಿ ಒಂದು ಪ್ರಶ್ನೆಯ ಬೆನ್ನು ಹತ್ತುವ ಹೊತ್ತಿಗೆ ಅವಳು ಪರೀಕ್ಷಾ ಕೊಠಡಿಯಲ್ಲಿದ್ದಳು. ಆ ನೋವು ನನ್ನಿಂದ ಇನ್ನೂ ದೂರವಾಗಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಕಾಣಿಸಿಕೊಂಡಿತು, ಸುಮಾರು 98 ಸಾವಿರ ಮಂದಿ ಅದರಿಂದ ತೀರಿಕೊಂಡರು. ನಮ್ಮಲ್ಲಿ ಈ ರೋಗ ಪಾಶ್ಚಾತ್ಯ ದೇಶಗಳಿಗಿಂತ ಕಿರಿಯ ವಯಸ್ಸಿನಲ್ಲಿಯೇ ಕಾಣಿಸಿಕೊಳ್ಳುತ್ತದೆ. ಹಾರ್ಮೋನ್ ಔಷಧಕ್ಕೂ ಹರ್-2 ಎಂಬ ಪ್ರೋಟೀನನ್ನು ಗುರಿಯಾಗಿಸುವ ಔಷಧಕ್ಕೂ ಬಗ್ಗದ ಬಗೆಯ ಪ್ರಮಾಣವೂ ಇಲ್ಲಿ ಹೆಚ್ಚು. ಆದರೆ ಸ್ತನ ಕ್ಯಾನ್ಸರ್ ಪ್ರಯೋಗಗಳಲ್ಲಿ ಬಹಳವಾಗಿ ಬಳಸುವ ಎಂಸಿಎಫ್-7 ಜೀವಕೋಶಗಳು 1970ರಲ್ಲಿ ಸ್ತನ ಕ್ಯಾನ್ಸರ್ ಇದ್ದ ಅಮೆರಿಕದ ಕ್ರೈಸ್ತ ಸನ್ಯಾಸಿನಿಯೊಬ್ಬರ ಶ್ವಾಸಕೋಶದ ಸುತ್ತ ತುಂಬಿದ್ದ ದ್ರವದಿಂದ ಪಡೆದವು. ಆ ತಾಯಿಗೆ ಜಗತ್ತು ಋಣಿ. ಆದರೂ ನಮ್ಮ ಹೆಣ್ಣುಮಕ್ಕಳ ಗಡ್ಡೆಯನ್ನು ಅರಿಯಲು ನಮ್ಮ ಆಸ್ಪತ್ರೆಗಳ ಅಂಗಾಂಶವನ್ನೇ ಅಧ್ಯಯನ ಮಾಡಬಲ್ಲ ಕೈಗಳು ಇಲ್ಲಿಯೇ ತಯಾರಾಗಬೇಕು.

ತರಬೇತಿ ಎಂದರೆ ಬರೀ ಜೀನ್‌ಗಳ ಪಾಠವಲ್ಲ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯನ್ನು ತಡಮಾಡದೆ, ಅಂಗಾಂಶವನ್ನು ಕೆಡದಂತೆ ಉಳಿಸುವ ಫಾರ್ಮಲಿನ್‌ನಲ್ಲಿಟ್ಟು, 6 ಗಂಟೆಗಿಂತ ಕಡಿಮೆಯಾಗದಂತೆ, 72 ಗಂಟೆ ಮೀರದಂತೆ ಕಾಪಾಡಬೇಕು ಎಂಬ ನಿಯಮವಿದೆ. ಇದು ತಪ್ಪಿದರೆ ಗಡ್ಡೆಯಲ್ಲಿ ಈಸ್ಟ್ರೊಜೆನ್ ಹಾರ್ಮೋನನ್ನು ಹಿಡಿಯುವ ಗ್ರಾಹಕವಿದೆಯೇ ಎಂಬ ಪರೀಕ್ಷೆ 'ಇಲ್ಲ' ಎಂಬ ಸುಳ್ಳು ಫಲಿತಾಂಶ ಕೊಡಬಹುದು. ಆ ಗ್ರಾಹಕವಿರುವ ಗಡ್ಡೆಗೆ ಕೊಡುವ ಟಮೊಕ್ಸಿಫೆನ್‌ನಂತಹ ಅಗ್ಗದ, ಪರಿಣಾಮಕಾರಿ ಮಾತ್ರೆ ಅರ್ಹ ರೋಗಿಗೆ ಸಿಗದೇ ಹೋಗಬಹುದು. ಈ ಎಚ್ಚರವನ್ನು ಒಮ್ಮೆ ಕಣ್ಣಾರೆ ಕಂಡ ವಿದ್ಯಾರ್ಥಿ ಸಂಶೋಧಕನಾಗದಿದ್ದರೂ ಸರಿಯೇ, ಜಿಲ್ಲಾ ಆಸ್ಪತ್ರೆಯ ಪೆಥಾಲಜಿ ಲ್ಯಾಬಿನಲ್ಲಿ ಅದನ್ನು ಮರೆಯಲಾರ.

ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ಉಳಿದೆರಡು ರಾಷ್ಟ್ರೀಯ ಅಕಾಡೆಮಿಗಳೊಡನೆ ನಡೆಸುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ತೆರೆದಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಇಂತಹ ಅವಕಾಶ ನೀಡುತ್ತದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂತಹ ಸಂಸ್ಥೆಯು ಸ್ತನ ಕ್ಯಾನ್ಸರ್ ವಿಷಯದಲ್ಲೇ ಜಿಲ್ಲೆಗಳ ಪದವಿ ಕಾಲೇಜುಗಳಿಗೆಂದು ಕೆಲವು ಸ್ಥಾನ ಮೀಸಲಿಟ್ಟು, ವಸತಿಯನ್ನೂ ಒದಗಿಸಿದರೆ ಬಡ ಮನೆಯ ಮಕ್ಕಳು ಧೈರ್ಯದಿಂದ ಅರ್ಜಿ ಹಾಕುತ್ತಾರೆ. ಇದಕ್ಕೂ ಮೊದಲು ಆಗಬೇಕಾದ, ಖರ್ಚಿಲ್ಲದ ಕೆಲಸವೊಂದಿದೆ: ಉನ್ನತ ಶಿಕ್ಷಣ ಇಲಾಖೆಯು ವಿಶ್ವವಿದ್ಯಾಲಯಗಳೊಂದಿಗೆ ಮಾತನಾಡಿ, ಬೇಸಿಗೆ ತರಬೇತಿಗೆ ಆಯ್ಕೆಯಾದವರಿಗಾದರೂ ಆ ಎಂಟು ವಾರಗಳಲ್ಲಿ ಬೀಳುವ ಪರೀಕ್ಷೆಯನ್ನು ಬೇರೊಂದು ದಿನ ಬರೆಯಲು ಅವಕಾಶ ಕೊಡಿಸಲಿ.

– ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕಿ, ಹಾಸನ