ಗ್ರಂಥಾಲಯದಲ್ಲಿ ಚಿತ್ರಕಥೆಗಳಿಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ನಿವೃತ್ತನಾದ ಮೇಲೆ, ಅರವತ್ತೊಂದನೆಯ ವಯಸ್ಸಿನಲ್ಲಿ, ನಾನು ಚಿತ್ರಕಥೆಗಳ ಓದುಗನಾಗಿದ್ದೇನೆ. ಮೊಮ್ಮಗಳಿಗೆಂದು ತಂದ ಅಮರ ಚಿತ್ರ ಕಥೆಯ ಪುಸ್ತಕಗಳನ್ನು ಅವಳಿಗಿಂತ ಮೊದಲು ನಾನೇ ಓದಿ ಮುಗಿಸುತ್ತಿರುವುದು ಮನೆಯವರ ನಗೆಗೆ ಕಾರಣವಾಗಿದೆ.

ಚಿತ್ರಕಥೆಯೆಂದರೆ ಓದಲು ಸೋಮಾರಿತನವಿರುವವರಿಗೆ ಎಂಬ ನನ್ನ ಹಳೆಯ ನಂಬಿಕೆ ಒಂದೇ ವಾರದಲ್ಲಿ ಸುಳ್ಳಾಯಿತು. ಒಂದು ಚೌಕಟ್ಟಿನಲ್ಲಿ ಬಿಲ್ಲಿಗೆ ಬಾಣ ಹೂಡಿದ ವೀರನಿರುತ್ತಾನೆ, ಮುಂದಿನದರಲ್ಲಿ ಮುರಿದು ಬಿದ್ದ ರಥ. ಎರಡರ ನಡುವಿನ ಬಿಳಿ ಗೆರೆಯಷ್ಟು ಜಾಗದಲ್ಲಿ ನಡೆದ ಯುದ್ಧವನ್ನು ಓದುಗನೇ ಮನಸ್ಸಿನಲ್ಲಿ ನಡೆಸಿಕೊಳ್ಳಬೇಕಾಗುತ್ತದೆ. ಮಾತಿನ ಗುಳ್ಳೆಯೊಳಗಿನ ನಾಲ್ಕು ಪದ ಓದಿ, ಮುಖಭಾವ ನೋಡಿ, ಮತ್ತೆ ಹಿಂದಿನ ಪುಟಕ್ಕೆ ಮರಳುವ ಸುಖ ನನಗೆ ಕಾದಂಬರಿಗಳಲ್ಲಿ ಸಿಕ್ಕಿರಲಿಲ್ಲ.

1967ರಲ್ಲಿ ಈ ಮಾಲೆಯನ್ನು ಆರಂಭಿಸಿ, 1980ರಲ್ಲಿ ಟಿಂಕಲ್ ಪತ್ರಿಕೆಯನ್ನೂ ತಂದ ಅನಂತ ಪೈ ಅವರು ನಮ್ಮ ಕಾರ್ಕಳದಲ್ಲಿ ಹುಟ್ಟಿದವರೆಂಬುದನ್ನು ಇಷ್ಟು ತಡವಾಗಿ ತಿಳಿದದ್ದಕ್ಕೆ ನಾಚಿಕೆಯಾಯಿತು. ಪುರಾಣದ ಅಸುರರಿಗೆಲ್ಲ ಕಪ್ಪು ಬಣ್ಣ ಬಳಿಯುವ ಪರಿಪಾಠ ಮಾತ್ರ ನನಗೆ ಒಪ್ಪಿಗೆಯಿಲ್ಲ. ಮೊಮ್ಮಗಳೊಡನೆ ಆ ಕುರಿತು ಮಾತನಾಡಿಯೇ ಓದುತ್ತೇನೆ.

ಆದರೆ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಕನ್ನಡದ ಒಂದೂ ಚಿತ್ರಕಥೆ ಸಿಗಲಿಲ್ಲ. ಕೇಳಿದರೆ, ಅವು ಬೇಗ ಹರಿದುಹೋಗುತ್ತವೆ ಎಂಬ ಉತ್ತರ ಬಂತು. ಹೆಚ್ಚು ಕೈಗಳು ಮುಟ್ಟುವ ಪುಸ್ತಕ ಹರಿಯುವುದು ಸಹಜವಲ್ಲವೇ? ಆಸ್ತಿ ತೆರಿಗೆಯೊಂದಿಗೆ ನಾವೆಲ್ಲ ಕಟ್ಟುವ ಗ್ರಂಥಾಲಯ ಕರದಲ್ಲಿ ಸ್ವಲ್ಪ ಪಾಲನ್ನು ಕನ್ನಡ ಚಿತ್ರಕಥೆಗಳ ಖರೀದಿಗೂ ಅವುಗಳ ಗಟ್ಟಿ ರಟ್ಟಿನ ಹೊದಿಕೆಗೂ ಮೀಸಲಿಡಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

– ಓದುಗ, ಶಿವಮೊಗ್ಗ