ಮೊದಲು ಕಾಲು ಹುಡುಕು

ಪ್ರೀತಿಯ ತಮ್ಮಾ,

ನಿನ್ನ ಲೇಖನ ಎರಡು ಸಲ ಓದಿದೆ. ಗ್ರೀಕ್ ಕಥೆಗಳನ್ನು ಯುರೋಪಿನವರು ಹೇಗೆ ಚಿತ್ರ ಬರೆದರು ಅಂತ ಹೇಳಲು ಹೊರಟಿದ್ದೀಯ. ಐದು ಚಿತ್ರ ಆರಿಸಿಕೊಂಡಿದ್ದೀಯ. ಐದೂ ಕಡೆ ಕಥೆ ಇದೆ, ಚಿತ್ರ ಇಲ್ಲ. ಬೇಜಾರು ಮಾಡಿಕೊಳ್ಳಬೇಡ, ಕಥೆಯನ್ನು ಚೆನ್ನಾಗಿಯೇ ಹೇಳಿದ್ದೀಯ. ಆದರೆ ಬರೀ ಕಥೆ ಬೇಕಾದವನು ಅದನ್ನು ಎಲ್ಲಾದರೂ ಓದಿಕೊಳ್ಳುತ್ತಾನೆ, ಅಲ್ವಾ?

ಬ್ರೂಗೆಲ್‌ನ ಇಕಾರಸ್ ಚಿತ್ರವನ್ನೇ ತೆಗೆದುಕೋ. ಬ್ರಸೆಲ್ಸ್‌ನ ರಾಯಲ್ ಮ್ಯೂಸಿಯಂನಲ್ಲಿ ಇರುವುದು. ಅದು ಬ್ರೂಗೆಲ್ ಕೈಯದೋ, ಅವನ ಚಿತ್ರ ನೋಡಿ ಬೇರೆ ಯಾರೋ ಮಾಡಿದ ನಕಲೋ ಅನ್ನುವ ಜಗಳ ಇದ್ದೇ ಇದೆ. ನಕಲು ಅನ್ನುವವರೇ ಈಗ ಜಾಸ್ತಿ. ಇರಲಿ. ನೀನು ಶುರು ಮಾಡಿದ್ದು ಹೀಗೆ: ‘ಮೇಣದ ರೆಕ್ಕೆ ಕಟ್ಟಿಕೊಂಡು ಸೂರ್ಯನ ಬಳಿಗೆ ಹಾರಿದ ಇಕಾರಸ್ ಸಮುದ್ರಕ್ಕೆ ಬಿದ್ದ ದುರಂತ ದೃಶ್ಯವಿದು.’ ಈಗ ಚಿತ್ರ ತೆರೆದು ನೋಡು. ಮೊದಲು ಕಣ್ಣಿಗೆ ಬೀಳುವುದು ಯಾರು? ಕೆಂಪು ತೋಳಿನ ಅಂಗಿ ಹಾಕಿಕೊಂಡ ರೈತ. ಒಂದೇ ಕುದುರೆ ಕಟ್ಟಿ ನೇಗಿಲು ಹೊಡೆಯುತ್ತಿದ್ದಾನೆ. ಅವನಾಚೆ ಕುರಿ ಕಾಯುವವನು. ಬಲಗಡೆ ಮೂಲೆಯಲ್ಲಿ ಗಾಳ ಹಾಕಿ ಕೂತವನು. ಇಕಾರಸ್ ಎಲ್ಲಿ? ಹಡಗಿನ ಈಚೆ, ನೀರಿನಲ್ಲಿ ಒದ್ದಾಡುವ ಎರಡು ಬರಿಗಾಲು. ಅಷ್ಟೇ. ಮೇಣ ಕರಗಿಸಿದ ಸೂರ್ಯ ಕೂಡ ನೆತ್ತಿಯ ಮೇಲಿಲ್ಲ, ದೂರದಲ್ಲಿ ನೀರಿನ ಅಂಚಿಗೆ ಕೂತಿದ್ದಾನೆ.

ಇನ್ನು ಓವಿಡ್ ಕವಿಯ ‘ಮೆಟಮಾರ್ಫಸೀಸ್’ ತೆಗೆದು ಎಂಟನೇ ಭಾಗ ಓದು. ಈ ಮೂವರೂ ಅಲ್ಲಿದ್ದಾರೆ. ಆದರೆ ಅಲ್ಲಿ ಅವರು ತಲೆಯೆತ್ತಿ ನೋಡಿ ಬೆರಗಾಗುತ್ತಾರೆ. ಆಕಾಶದಲ್ಲಿ ಹೋಗುವವರು ದೇವರೇ ಇರಬೇಕು ಅಂದುಕೊಳ್ಳುತ್ತಾರೆ. ಚಿತ್ರದ ರೈತನಿಗೆ ನೆಲ ಬಿಟ್ಟು ಬೇರೆ ಕಡೆ ಕಣ್ಣೇ ಇಲ್ಲ. ಕುರಿ ಕಾಯುವವನೇನೋ ಮೇಲೆ ನೋಡುತ್ತಿದ್ದಾನೆ, ಅದೂ ಹುಡುಗ ಬಿದ್ದ ಕಡೆಗೆ ಬೆನ್ನು ಹಾಕಿ. ಕವಿ ಹೇಳಿದ್ದು ಒಂದು, ಚಿತ್ರಕಾರ ಮಾಡಿದ್ದು ಇನ್ನೊಂದು. ನಿನ್ನ ಲೇಖನ ಅಲ್ಲಿಂದ ಶುರುವಾಗಬೇಕಿತ್ತು.

ಗಾಳದವನ ಹತ್ತಿರ ಕೊಂಬೆಯ ಮೇಲೆ ಒಂದು ಹಕ್ಕಿ ಇದೆ, ನೋಡಿದೆಯಾ? ಕೌಜುಗ. ಸುಮ್ನೆ ಬಂದು ಕೂತದ್ದಲ್ಲ. ಇಕಾರಸ್‌ನ ಅಪ್ಪ ಡೇಡಲಸ್ ಹತ್ತಿರ ಅವನ ಸೋದರಿಯ ಮಗ ಕೆಲಸ ಕಲಿಯಲು ಬಂದಿದ್ದ. ಮೀನಿನ ಬೆನ್ನುಮುಳ್ಳು ನೋಡಿ ಗರಗಸ ಮಾಡಿದ ಜಾಣ. ಮಾವನಿಗೆ ಹೊಟ್ಟೆಕಿಚ್ಚು ಬಂತು. ಹುಡುಗನನ್ನು ಅಥೇನಾ ದೇವಿಯ ಕೋಟೆಯ ಮೇಲಿಂದ ತಳ್ಳಿಬಿಟ್ಟ. ಬೀಳುವಾಗಲೇ ದೇವಿ ಅವನನ್ನು ಕೌಜುಗ ಮಾಡಿ ಉಳಿಸಿದಳು. ಮುಂದೆ ಡೇಡಲಸ್ ತನ್ನ ಮಗನನ್ನು ಹೂಳುವಾಗ ಈ ಹಕ್ಕಿ ರೆಕ್ಕೆ ಬಡಿದು ಖುಷಿಪಟ್ಟಿತು ಅಂತ ಓವಿಡ್ ಬರೆಯುತ್ತಾನೆ. ಅಂದರೆ ಈ ಚಿತ್ರದಲ್ಲಿ ಎತ್ತರದಿಂದ ಬಿದ್ದವರು ಇಬ್ಬರು. ಒಬ್ಬ ಮುಳುಗುತ್ತಿದ್ದಾನೆ, ಇನ್ನೊಬ್ಬ ಕೊಂಬೆಯ ಮೇಲೆ ಕೂತಿದ್ದಾನೆ. ನಿನ್ನ ಲೇಖನದಲ್ಲಿ ಅವನಿಗೆ ಒಂದು ಸಾಲೂ ಸಿಕ್ಕಿಲ್ಲ.

ನಾನೇನು ಕಡಿಮೆ ಎಡವಿದವಳಲ್ಲ. ನಿನ್ನ ವಯಸ್ಸಿನಲ್ಲಿ ಒಂದು ಪತ್ರಿಕೆಗೆ ‘ಸಾಕ್ರಟೀಸನ ಸಾವು’ ಬಗ್ಗೆ ಬರೆದಿದ್ದೆ. ಫ್ರಾನ್ಸಿನ ಜಾಕ್ ಲೂಯಿ ದಾವೀದ್ 1787ರಲ್ಲಿ ಬರೆದ ಚಿತ್ರ, ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಮಂಚದ ಕಾಲುದೆಸೆಯಲ್ಲಿ ತಲೆ ತಗ್ಗಿಸಿ ಕೂತ ಮುದುಕನೇ ಪ್ಲೇಟೋ. ‘ಗುರುವಿನ ಸಾವನ್ನು ಕಣ್ಣಾರೆ ಕಂಡ ಶಿಷ್ಯ’ ಅಂತ ಓದುಗರು ಅಳುವ ಹಾಗೆ ಬರೆದೆ. ವಾರದೊಳಗೆ ಓದುಗರೊಬ್ಬರ ಕಾರ್ಡು ಬಂತು. ಎರಡೇ ಸಾಲು. ಪ್ಲೇಟೋ ಅವತ್ತು ಕಾಯಿಲೆ ಬಿದ್ದು ಅಲ್ಲಿಗೆ ಬಂದಿರಲಿಲ್ಲ ಅಂತ ಅವನ ಪುಸ್ತಕದಲ್ಲೇ ಇದೆ. ಮತ್ತೆ, ಆಗ ಅವನಿಗೆ ಮೂವತ್ತೂ ಆಗಿರಲಿಲ್ಲ, ಮುದುಕ ಹೇಗಾದ?

ಸಿಟ್ಟು ಬಂತು, ನಾಚಿಕೆಯೂ ಆಯಿತು. ಚಿತ್ರವನ್ನು ಮತ್ತೆ ತೆಗೆದು ಕೂತೆ. ಎಪ್ಪತ್ತರ ಸಾಕ್ರಟೀಸನಿಗೆ ದಾವೀದ್ ಪೈಲ್ವಾನನ ಮೈ ಕೊಟ್ಟಿದ್ದಾನೆ. ಒಂದು ಕೈ ಮೇಲೆತ್ತಿ ಪಾಠ ಹೇಳುತ್ತಲೇ ಇನ್ನೊಂದು ಕೈ ವಿಷದ ಬಟ್ಟಲಿಗೆ ಚಾಚಿದ್ದಾನೆ. ಬಟ್ಟಲು ಹಿಡಿದವನು ನೋಡಲಾರದೆ ಮುಖ ಮುಚ್ಚಿಕೊಂಡಿದ್ದಾನೆ. ಪ್ಲೇಟೋ ಮಾತ್ರ ಇದಕ್ಕೆಲ್ಲ ಬೆನ್ನು ಹಾಕಿ ಕೂತಿದ್ದಾನೆ. ಕಣ್ಣು ಮುಚ್ಚಿದೆ. ಕಾಲ ಬಳಿ ಸುರುಳಿ ಕಾಗದ, ಶಾಯಿ. ಅವನು ನೋಡುತ್ತಿಲ್ಲ, ಎಷ್ಟೋ ವರ್ಷ ಆದಮೇಲೆ ನೆನೆಸಿಕೊಳ್ಳುತ್ತಿದ್ದಾನೆ ಅನ್ನಿಸಿತು. ಹಾಗೆ ಓದಿದವರು ನನಗಿಂತ ಮೊದಲೇ ಇದ್ದರು, ಬಿಡು. ಆದರೂ ಅವನು ಕೂತ ಕಲ್ಲಿನ ಮೇಲೆ ದಾವೀದ್ ತನ್ನ ಹೆಸರಿನ ಮೊದಲಕ್ಷರಗಳನ್ನು ಬರೆದದ್ದು ಕಂಡಾಗ ಆ ಕಾರ್ಡಿನವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಇನ್ನೊಂದು ತಕರಾರು. ಜ್ಯೂಸ್ ಬಂದ ಕಡೆಯೆಲ್ಲ ‘ಗ್ರೀಕರ ಇಂದ್ರ’ ಅಂತ ಬರೆದಿದ್ದೀಯ. ಹಾಗೆ ಹೇಳಿದ ಕೂಡಲೇ ಓದುಗ ‘ಓಹೋ, ಗೊತ್ತಾಯಿತು’ ಅಂತ ನೋಡುವುದನ್ನೇ ನಿಲ್ಲಿಸುತ್ತಾನೆ. ದೇವರು ಅವರದೇ ಇರಲಿ, ಮಾತು ನಮ್ಮದಿರಲಿ. ನೀನು ಮಾಡಿರುವುದು ತಿರುಗುಮುರುಗು. ವೆಲಾಸ್ಕೆಸ್‌ನ ‘ನೂಲುವವರು’ ಚಿತ್ರದಲ್ಲಿ ಮುದುಕಿಯ ಮುಂದಿರುವುದನ್ನು ‘ಜವಳಿ ಉತ್ಪಾದನಾ ಸಾಧನ’ ಅಂದಿದ್ದೀಯ. ಇಳಕಲ್ಲಿನಲ್ಲಿ ಮಗ್ಗದ ಸದ್ದು ಕೇಳುತ್ತಾ ಬೆಳೆದವನು ನೀನು! ರಾಟೆ ಅನ್ನು. ಎಷ್ಟು ಜೋರಾಗಿ ತಿರುಗುತ್ತಿದೆ ಅಂದರೆ ಅದರ ಕಡ್ಡಿಗಳೇ ಕಾಣುವುದಿಲ್ಲ. ಅದನ್ನು ಬರಿ.

ಮ್ಯಾಡ್ರಿಡ್‌ನ ಪ್ರಾಡೊದಲ್ಲಿರುವ ಈ ಚಿತ್ರವನ್ನು ಬಹಳ ಕಾಲ ಜನ ನೇಯ್ಗೆ ಕಾರ್ಖಾನೆಯ ಚಿತ್ರ ಅಂತಲೇ ನಂಬಿದ್ದರು. 1664ರ ಒಂದು ಆಸ್ತಿ ಪಟ್ಟಿಯಲ್ಲಿ ಅದಕ್ಕೆ ‘ಅರಾಕ್ನೆಯ ಕಥೆ’ ಅಂತ ಹೆಸರಿದ್ದದ್ದು ಗೊತ್ತಾಗಿದ್ದು ಕಳೆದ ಶತಮಾನದಲ್ಲಿ. ಹಿಂದಿನ ಬೆಳಕಿನ ಕೋಣೆ ನೋಡು. ಲೋಹದ ಟೊಪ್ಪಿಗೆಯ ಅಥೇನಾ ಕೈ ಎತ್ತಿದ್ದಾಳೆ, ಎದುರಿಗೆ ಅರಾಕ್ನೆ, ನೇಯ್ಗೆಯಲ್ಲಿ ದೇವಿಗೇ ಸವಾಲು ಹಾಕಿದ ಹುಡುಗಿ. ಅರಾಕ್ನೆ ನೇಯ್ದದ್ದು ಗೋಡೆಯ ಮೇಲಿದೆ: ಹೋರಿಯಾಗಿ ಬಂದು ಯುರೋಪಾಳನ್ನು ಹೊತ್ತೊಯ್ಯುವ ಜ್ಯೂಸ್. ಅದು ವೆಲಾಸ್ಕೆಸ್‌ಗಿಂತ ಹಿಂದಿನ ಚಿತ್ರಕಾರ ಟಿಶಿಯನ್ ಸ್ಪೇನಿನ ದೊರೆ ಎರಡನೇ ಫಿಲಿಪ್‌ಗೆ ಬರೆದುಕೊಟ್ಟ ಚಿತ್ರದ್ದೇ ನಕಲು. ಓವಿಡ್ ಹೇಳುವಂತೆ ಆ ನೇಯ್ಗೆಯಲ್ಲಿ ದೇವಿಗೂ ಒಂದು ಐಬು ಸಿಗಲಿಲ್ಲ. ಸಿಟ್ಟಿಗೆ ಬಟ್ಟೆ ಹರಿದಳು, ಲಾಳಿಯಿಂದ ಹುಡುಗಿಯ ಹಣೆಗೆ ಹೊಡೆದಳು, ಆಮೇಲೆ ಜೇಡ ಮಾಡಿದಳು. ಐಬಿಲ್ಲದ ನೇಯ್ಗೆಯ ಜಾಗದಲ್ಲಿ ವೆಲಾಸ್ಕೆಸ್ ಯಾರ ಚಿತ್ರ ತೂಗುಹಾಕಿದ್ದಾನೆ ನೋಡು. ಒಬ್ಬ ಚಿತ್ರಕಾರ ಇನ್ನೊಬ್ಬನನ್ನು ಇದಕ್ಕಿಂತ ಹೊಗಳುವುದು ಹೇಗೆ?

ಉಳಿದ ನಾಲ್ಕನ್ನೂ ಬಿಟ್ಟು ಇದೊಂದನ್ನೇ ಬರಿ. ಫೋನಿನಲ್ಲಿ ಬೇಡ, ದೊಡ್ಡದಾಗಿ ಪ್ರಿಂಟ್ ತೆಗೆಸು. ಮುದುಕಿಯ ಕಾಲ ಬಳಿ ಒಂದು ಬೆಕ್ಕಿದೆ, ಅದನ್ನೂ ಬಿಡಬೇಡ. ಬರೆಯುವ ಮೊದಲು ಪ್ರಿಂಟನ್ನು ನಿಮ್ಮ ಓಣಿಯ ನೇಕಾರರಿಗೆ ತೋರಿಸು. ಮುದುಕಿ ನೂಲು ಹಿಡಿದದ್ದು ಸರಿಯಾಗಿದೆಯಾ ಅಂತ ಕೇಳು. ಏನಂದರು ಅಂತ ನನಗೆ ಬರಿ.

ನಿನ್ನ ಅಕ್ಕ